ಪಟ್ಟಿ

ಬೆಟಗೇರಿಯ ನಮ್ಮ ಓಣ್ಯಾಗ ಒಂದು ದೀಪ ಇತ್ತು.
ಸರಕಾರದ್ದಲ್ಲ. ಅಂಬೂಬಾಯಿ ಮೇರವಾಡೆಯ ಜಂತಿಗೆ
ತಂತಿ ಸುತ್ತಿ ಇಳಿಬಿಟ್ಟ ಅರವತ್ತು ಕ್ಯಾಂಡಲ್ಲಿನ ಬಲ್ಬು.
ಮೀಟರು ಆಕಿದು, ಬೆಳಕು ಎಲ್ಲಾರದು.
ಒಂದನೇ ತಾರೀಕಿಗೆ ಬಿಸ್ಕೀಟಿನ ಡಬ್ಬಿ ಹಿಡಕೊಂಡು ಬರತಿದ್ಲು:
ಮನಿಗೆ ಹತ್ತು ರೂಪಾಯಿ ಪಟ್ಟಿ.

ನಾ ಕೊಡಲಿಲ್ಲ.

ಬಡತನಕ್ಕಲ್ಲ, ಖರೇ ಹೇಳತೇನಿ.
ಗದಗಿನ ಛಾಪಖಾನೆಯಾಗ ಪುಸ್ತಕ ಹೊಲಿಯೂ ಕೆಲಸ ನಂದು,
ದಿನಾ ಎರಡು ಹೊತ್ತು ಚಾ, ಒಂದು ಹೊತ್ತು ಮಿರ್ಚಿ.
‘ನನಗ ಕತ್ತಲಾಗೂ ಕಣ್ಣು ಕಾಣತಾವ್ರೀ ಬಾಯಾರ’ ಅಂದೆ.
ಆಕಿ ಡಬ್ಬಿ ಮುಚ್ಚಿ ಮುಂದಿನ ಮನಿಗೆ ಹೋದ್ಲು.

ಅವತ್ತ ರಾತ್ರಿ ಹತ್ತೂವರೆಗೆ ಬಂದೆ.
ದೀಪ ನನ್ನ ಮಾರಿ ನೋಡಿ ಆರಲಿಲ್ಲ.
ಕೊಟ್ಟವರ ಕಾಲಿಗೆಷ್ಟೋ ನನ್ನ ಕಾಲಿಗೂ ಅಷ್ಟ ಬಿತ್ತು.
ಕೀಲಿಯ ತೂತು ಕಂಡಿತು, ಹೊಸ್ತಿಲ ಚೇಳು ಕಂಡಿತು,
ಯಾರ ಪಾಲೂ ಗುಲಗಂಜಿಯಷ್ಟು ಕಡಿಮಿ ಆಗಲಿಲ್ಲ.
ಹಂಗಾರ ನಾ ಕದ್ದದ್ದರ ಏನು?

ಆ ವಾರ ಹೊಲಿಗಿಗೆ ಬಂದದ್ದು ಬಿ.ಎ. ಅರ್ಥಶಾಸ್ತ್ರ.
ನೂರಾ ಹನ್ನೆರಡನೇ ಪುಟ, ಸೂಜಿ ಚುಚ್ಚೂ ಮುಂಚೆ ಓದಿದೆ:
ಒಬ್ಬ ಉಂಡರೂ ಇನ್ನೊಬ್ಬಗ ಉಳಿಯೂ ವಸ್ತು,
ಕೊಡದವನನ್ನ ಹೊರಗ ಇಡಾಕ ಬಾರದ ವಸ್ತು.
ಕೆಳಗ ದಪ್ಪ ಅಕ್ಷರದಾಗ ನನ್ನ ಹೆಸರು:
ಪುಕ್ಕಟೆ ಸವಾರ.
ಸರ್ರನ ದಾರ ಎಳೆದು ಗಂಟು ಹಾಕಿದೆ.

ಶ್ರಾವಣಕ್ಕ ಮಗ್ಗದ ಕುಬೇರಪ್ಪ ಅಂದ,
‘ಅವಾ ಕೊಡದಿದ್ರ ನನಗೇನು ಹುಚ್ಚು?’
ದಸರಾಕ್ಕ ಏಳು ಮನಿ, ದೀಪಾವಳಿಗೆ ನಾಕು.
ಅಂಬೂಬಾಯಿ ಸ್ಟೂಲ್ ಹತ್ತಿ
ಸೆರಗಿನ್ಯಾಗ ಬಲ್ಬು ತಿರುವಿ ಬಿಚ್ಚಿದ್ಲು,
ಬೇಯಿಸಿದ ತತ್ತಿ ಹಿಡದಂಗ ಒಳಗ ಒಯ್ದ್ಲು.

ಹನ್ನೆರಡು ಮನಿಯ ಹನ್ನೆರಡು ಶ್ಯಾಣ್ಯಾತನ ಕೂಡಿ
ಒಂದು ಕತ್ತಲ ಆತು.

ಲಾಳಿಯ ಬುಟ್ಟಿ ಹೊತ್ತ ಕುಬೇರಪ್ಪನ ಮಗಳು ಸುಗುಣಾ
ಗಟಾರಕ್ಕ ಬಿದ್ದು ಮಣಿಕಟ್ಟು ಮುರಕೊಂಡ್ಲು.
ಎಲ್ಲಾರೂ ಓಡಿಬಂದ್ವಿ.
ಎಲ್ಲಾರ ಕೈಯಾಗೂ ತಮ್ಮ ತಮ್ಮ ಬ್ಯಾಟರಿ ಇತ್ತು.

ಅರ್ಜಿ ಕೊಟ್ಟ ಎರಡು ವರ್ಷಕ್ಕ ನಗರಸಭೆಯ ಕಂಬ ಬಂತು,
ಹೊಟ್ಟಿಯ ಮ್ಯಾಲೆ ಹಳದಿ ಬಣ್ಣದ ನಂಬರು.
ಮನಿಪಟ್ಟಿಯ ಬಿಲ್ಲಿನ್ಯಾಗ ಒಂದು ಸಾಲು ಹೆಚ್ಚಾತು.
ಕತ್ತಲಾಗ ಕಣ್ಣು ಕಾಣತಾವೇನಂತ ಯಾರೂ ಕೇಳಲಿಲ್ಲ.
ಸಾಲಿನ್ಯಾಗ ನಿಂತು, ಬೈಕೋತ, ಕೊಟ್ಟೆ.
ನನ್ನ ಹಿಂದ ಕುಬೇರಪ್ಪನೂ ಬೈಕೋತ ನಿಂತಿದ್ದ.
ಅವನ ಬೈಗುಳ ಕೇಳಿ ನನಗ ಸಮಾಧಾನ ಆತು;
ಯಾಕಂತ ಆ ಪುಸ್ತಕದಾಗ ಇತ್ತೇನೋ,
ಅಷ್ಟೊತ್ತಿಗೆ ರಟ್ಟು ಹಾಕಿ ಕಳಿಸಿಬಿಟ್ಟಿದ್ದೆ.

ಈಗ ಕೇಳ್ರಿ.
ಮೂರು ವಾರ ಆತು, ಆ ದೀಪ ಹಗಲೆಲ್ಲ ಉರಿತೈತಿ.
ಕಡಕ್ ಬಿಸಲಾಗ, ಹಪ್ಪಳ ಒಣಗೂ ಹೊತ್ತಿನ್ಯಾಗ,
ಬೆಪ್ಪನಂಗ ಉರಿತೈತಿ.
ಓಣಿ ಮಂದಿ ಎಲ್ಲಾರೂ ತಲಿ ಎತ್ತಿ ನೋಡತಾರ,
ಯಾರಾರ ಹೇಳ್ಯಾರು ಅಂತ ತಲಿ ತಗ್ಗಸತಾರ.
ನಾನೂ ಇಪ್ಪತ್ತು ದಿನ ಹಂಗ ನೋಡಿದೆ.

ಇವತ್ತ ಅಂಬೂಬಾಯಿ ಕಟ್ಟಿಮ್ಯಾಲೆ ಕೂತು
ಅಕ್ಕಿ ಆರಿಸಿಕೋತ ಅಂದ್ಲು:
‘ಹಗಲಾಗೂ ಕಣ್ಣು ಕಾಣತಾವಿಲ್ಲೋ ನಿನಗ?’

ಅಂಗೈಮ್ಯಾಲೆ ಕಂಬದ ನಂಬರು ಬರಕೊಂಡು
ನಗರಸಭೆಗೆ ಹೊಂಟೇನಿ.
ಬೆವರಿಗೆ ಮಸಿ ಕಲಸತೈತಿ;
ಕೊನೀ ಅಂಕಿ ಏಳೋ ಒಂದೋ.