ಮಂಗನ ಮುಷ್ಟಿ

ಸಿದ್ದಾಪುರದ ಬಸ್‌ಸ್ಟ್ಯಾಂಡ್ ಎದುರು
ನಕಲಿ ಕೀಲಿಕೈ ಕೊರೆದುಕೊಡುವ ಅಂಗಡಿ ನನ್ನದು.
ನಕಲಿ ಅಂದರೆ ಬೇಸರವಿಲ್ಲ,
ಅಸಲಿ ಕಳೆದುಕೊಂಡವರೇ ನನ್ನ ಅನ್ನ.

ಮೆಷಿನ್ ಸುಮ್ಮನಿರುವ ಮಧ್ಯಾಹ್ನ
ಪ್ಯಾರಾಶೂಟ್ ಹಗ್ಗ ಹಿಡಿದು ಕೂರುತ್ತೇನೆ.
ಎರಡು ಬೆರಳಿಗೆ ಮೂರು ಸುತ್ತು,
ಆ ಮೂರರ ನಡುವಿಗೆ ಅಡ್ಡ ಮೂರು,
ಬೆರಳು ಕಳಚಿ, ಒಳಗೊಂದು ಗುಂಡು ಕೂರಿಸಿ ಮತ್ತೆ ಮೂರು.
ಆಮೇಲೆ ಎಳೆಯಬೇಕು, ಒಂದೊಂದೇ ಎಳೆ, ಅವಸರವಿಲ್ಲದೆ,
ಜಡೆಯ ಸಿಕ್ಕು ಬಿಡಿಸುವುದನ್ನೇ ಹಿಂದುಮುಂದಾಗಿ ಮಾಡಿದಂತೆ.
ತುದಿಗೆ ಲೈಟರ್ ಹಿಡಿದರೆ ಸೀದ ವಾಸನೆ;
ಹೆಬ್ಬೆರಳಿನ ಮೇಲೆ ಅದರದೇ ಎರಡು ಕಲೆ.

ಗುಂಡು ಬೇರಿಂಗಿನದು.
ಕಾಫಿ ಪಲ್ಪರಿನಲ್ಲಿ ಸವೆದದ್ದನ್ನು ಗ್ಯಾರೇಜಿನ ವರ್ಕಿ ಒಡೆದು
ಬಿಸ್ಕತ್ತಿನ ಡಬ್ಬದಲ್ಲಿ ತಂದುಕೊಡುತ್ತಾನೆ, ಗ್ರೀಸಿನ ಸಮೇತ.
ಹತ್ತು ವರ್ಷ ಹಣ್ಣಿನ ಸಿಪ್ಪೆ ಸುಲಿದದ್ದು
ಇನ್ನು ಯಾರದೋ ಚೀಲದಲ್ಲಿ ಮಲಗಲಿ.

ಆನೆಗೆ ಆಗುತ್ತದಾ, ನಗುತ್ತಾರೆ ತೋಟದವರು.
ಆನೆಗೆ ಆನೆಯ ದಾರಿ ಬಿಡಿ, ಅನ್ನುತ್ತೇನೆ.
ಕೋವಿಯಿರುವ ಮನೆ ಈ ಕಡೆ ಕಡಿಮೆಯೇನಲ್ಲ;
ಗೋಡೆಗೆ ತೂಗುವ ಕೋವಿ
ಸಂಜೆ ಆರೂವರೆಯ ಬಸ್ಸು ಹತ್ತುವುದಿಲ್ಲ.
ಇದು ಹತ್ತುತ್ತದೆ.

ನರ್ಸ್ ಬೊಳ್ಳಮ್ಮ ನೀಲಿಯದನ್ನು ಒಯ್ದಳು, ರಾತ್ರಿ ಪಾಳಿಗೆ.
ಒಂದು ವರ್ಷದಲ್ಲಿ ಅದು ಒಡೆದದ್ದು
ಅವಳದೇ ಫೋನಿನ ಗಾಜು.
ಬೈಯುತ್ತಲೇ ಬಂದು ತಂಗಿಗೊಂದು ಕೊಂಡಳು.

ಮೊನ್ನೆ ಒಬ್ಬ ಬಂದ.
ತಲೆ ನರೆತಿದೆ, ಕನ್ನಡಕ ಬಂದಿದೆ,
ಬಲಗಿವಿಯ ಕೆಳಗಿನ ಮಚ್ಚೆ ಮಾತ್ರ ಅಲ್ಲೇ ಇದೆ.
ನನಗೆ ಹದಿನೇಳು. ನೆಲ್ಯಹುದಿಕೇರಿಯಿಂದ ಸೇತುವೆ ದಾಟುವವರೆಗೆ
ಕಂಬಿ ಹಿಡಿದು ಆ ಮಚ್ಚೆಯನ್ನೇ ನೋಡಿದ್ದೆ,
ಬೇರೆ ಕಡೆ ತಿರುಗಲು ಅವನು ಜಾಗ ಬಿಟ್ಟಿರಲಿಲ್ಲ.

"ಮಗಳು ಮಡಿಕೇರಿ ಕಾಲೇಜು. ಬಸ್ಸಲ್ಲಿ ಜನ ಸರಿಯಿಲ್ಲ ನೋಡಿ."

ನನ್ನ ಬೆರಳಿಗೆ ಆಗಲೇ ಮೂರು ಸುತ್ತು ಬಿದ್ದಿತ್ತು.
ಡಬ್ಬದ ತಳ ಕೆದಕಿ ದೊಡ್ಡ ಗುಂಡು ತೆಗೆದೆ.
ಕಟ್ಟಿ ಮುಗಿಸುವವರೆಗೆ ಅವನು ಮಳೆಯ ಮಾತಾಡಿದ, ಮೆಣಸಿನ ರೇಟು.

"ನೋಯುತ್ತದಾ?"
"ನೀವೇ ನೋಡಿ."
ಅಂಗೈಗೆ ಮೆಲ್ಲಗೆ ಬಡಿದುಕೊಂಡ,
ಆಮೇಲೆ ಸ್ವಲ್ಪ ಜೋರಾಗಿ.
ಕೈ ಕೊಡವಿ ನಕ್ಕ.
ನನ್ನ ಗುರುತು ಸಿಗಲಿಲ್ಲ.

ನೂರಿಪ್ಪತ್ತಕ್ಕೆ ನೂರು ಕೊಡಲೇ ಅಂದ. ಇಲ್ಲ ಅಂದೆ.
"ಮಗಳನ್ನು ಒಮ್ಮೆ ಕರೆತನ್ನಿ,
ಹಿಡಿಯುವುದು ಹೇಗೆಂದು ತೋರಿಸಬೇಕು."
ಆಯ್ತು ರುಕಿಯಾ, ಅಂದ, ಬೋರ್ಡು ಓದಿಕೊಂಡು.

ಆ ಸಂಜೆ ಕೊರೆದ ಮೂರು ಕೀಲಿಕೈ
ಯಾವ ಬೀಗಕ್ಕೂ ಕೂರಲಿಲ್ಲ.
ಮರುದಿನ ಬಂದವರಿಗೆ
ದುಡ್ಡು ವಾಪಸು ಕೊಟ್ಟೆ.