ಹೊತ್ತವರ ಹೊತ್ತು

ಏಳನೇ ತರಗತಿ. ನಲವತ್ತೊಂದು ಮಕ್ಕಳಿಗೆ
ಎರಡೇ ಮಟಾಟು ವ್ಯಾನು.
ತವೇಟಾ ಸ್ಮಶಾನದ ಗೇಟಿನಲ್ಲಿ ಇಳಿಸಿ
ಸಾಲಾಗಿ ನಿಲ್ಲಿ ಎಂದೆ. ನಿಲ್ಲಲಿಲ್ಲ.

ಒಳಗೆ ಕಲ್ಲುಗಳು ನಿಂತಿದ್ದವು, ಸಾಲಾಗಿ,
ಹೇಳಿದ ಮಾತು ಕೇಳುವ ಮಕ್ಕಳ ಹಾಗೆ.
ಕಿಲಿಮಂಜಾರೋ ಅಂದು ಮೋಡದೊಳಗೆ ಗೈರುಹಾಜರು.

ಕಲ್ಲಿಗೊಂದು ಹೆಸರು, ದರ್ಜೆ, ದಳ, ವಯಸ್ಸು:
ಇಪ್ಪತ್ತೆರಡು. ಹತ್ತೊಂಬತ್ತು. ಮೂವತ್ತು. ಹತ್ತೊಂಬತ್ತು.
ವಕೇಶೋ ಬೆರಳಿಟ್ಟು ಓದುತ್ತ ಹೋದಳು
ಹಾಜರಿ ಪುಸ್ತಕ ಕೈಗೆ ಸಿಕ್ಕವಳಂತೆ.
"ಹಾಜರ್!" ಹಿಂದಿನಿಂದ ಯಾರೋ ಕೂಗಿದರು,
ಎಲ್ಲರೂ ನಕ್ಕರು. ಬೈಯಲು ಬಾಯಿ ತೆರೆದೆ,
ಮುಚ್ಚಿದೆ.
ಆ ಹತ್ತೊಂಬತ್ತರ ಹುಡುಗ ನಗು ಕೇಳಿ
ಎಷ್ಟು ಕಾಲವಾಯಿತೋ.

"ಟೀಚರ್, ನಮ್ಮವರ ಕಲ್ಲು ಎಲ್ಲಿ?"

ಕೇಳಿದವನು ಮ್ವಾಚೋಫಿ.
ವರ್ಷಕ್ಕೆ ಒಂದೇ ಪ್ರಶ್ನೆ ಕೇಳುವವನು.
ಈ ವರ್ಷದ್ದು ಇದು.

ಉತ್ತರ ಬರೆದು ತಂದಿದ್ದೆ, ಅಂಕಿ ಸಮೇತ.
ಚೀಟಿ ಚೀಲದಲ್ಲೇ ಉಳಿಯಿತು.
ಚಾಲಕನ ಬಳಿ ಒಂದು ಮೂಟೆ ಮೆಕ್ಕೆಜೋಳದ ಹಿಟ್ಟಿತ್ತು,
ಇಪ್ಪತ್ತೈದು ಕಿಲೋ, ಅವನ ಅಕ್ಕನ ಅಂಗಡಿಗೆ ಒಯ್ಯುವುದು.
ಕಡ ಕೇಳಿದೆ.

ಹೊತ್ತು ನೋಡಿ. ಈ ಜಾಲಿಮರದಿಂದ
ಆ ಗೇಟಿನವರೆಗೆ. ಒಬ್ಬೊಬ್ಬರೇ.

ಮೊದಲನೆಯವನು ಪೈಲ್ವಾನನಂತೆ ಎತ್ತಿದ,
ಹನ್ನೆರಡನೇ ಹೆಜ್ಜೆಗೆ ಕತ್ತು ವಾಲಿತು.
ಒಬ್ಬಳು ಅತ್ತಳು. ಇಬ್ಬರು ಮೋಸ ಮಾಡಿ ಎಳೆದುಕೊಂಡು ಹೋದರು.
ವಕೇಶೋ ಮಾತ್ರ ತಲೆಯ ಮೇಲಿಟ್ಟು ನೆಟ್ಟಗೆ ನಡೆದಳು,
ದಿನಾ ನೀರು ಹೊರುವವಳು.
ಗೇಟು ಮುಟ್ಟಿ, ತಿರುಗದೆ ಕೇಳಿದಳು:
"ಇನ್ನೂ ಎಷ್ಟು ದೂರ?"

ಅದೇ, ಮಗು. ಅದೇ ಪಾಠ.
ನನ್ನ ಅಜ್ಜಿಯ ಅಪ್ಪ ಇದನ್ನೇ ಕೇಳಿರಬೇಕು
ರೂಫಿಜಿ ನದಿಯ ಮೊಣಕಾಲುದ್ದ ಕೆಸರಿನಲ್ಲಿ,
ಯಾರದೋ ಗುಂಡು, ಯಾರದೋ ಬಿಸ್ಕತ್ತಿನ ಡಬ್ಬ,
ಯಾವನೋ ಸಾಹೇಬನ ಮಡಚುವ ಮಂಚ ಹೊತ್ತು.
ಹೊತ್ತು ಹೊತ್ತೇ ಅವನ ಹೊತ್ತು ಮುಳುಗಿತು.
ಬಂದೂಕು ಕೊಟ್ಟಿರಲಿಲ್ಲ, ಬೂಟೂ ಇಲ್ಲ,
ಕೊರಳಿಗೊಂದು ತಗಡಿನ ಬಿಲ್ಲೆ, ಅದರಲ್ಲೊಂದು ಸಂಖ್ಯೆ.
ಬಿಲ್ಲೆ ಮರಳಲಿಲ್ಲ. ಸಂಖ್ಯೆ ನಮಗೆ ತಿಳಿಯದು.
ಮನೆಯಲ್ಲಿ ಉಳಿದ ಸುದ್ದಿ ಇಷ್ಟೇ:
ಕರೆದೊಯ್ದ ದಿನ ಒಲೆಯ ಮೇಲೆ ಕಾಳು ಬೇಯುತ್ತಿತ್ತು.
ಕಾಯಲು ಬಿಡಲಿಲ್ಲ.

"ಹಾಗಾದರೆ ಅವನು ಸೈನಿಕನಾ, ಅಲ್ಲವಾ?"

ಪರೀಕ್ಷೆಗಾದರೆ ಅಲ್ಲ ಎಂದು ಬರೆಯಿರಿ, ಅಂಕ ಸಿಗುತ್ತದೆ.
ಸೈನಿಕನ ಊಟ ಹೊತ್ತವನು. ಗಾಯಗೊಂಡಾಗ
ಸೈನಿಕನನ್ನೇ ಹೊತ್ತವನು.
ಅವನನ್ನು ಹೊರಲು ಮಾತ್ರ
ಯಾರ ಹೆಗಲೂ ಬಿಡುವಾಗಿರಲಿಲ್ಲ.

ನೈರೋಬಿಯ ಕರಿಯೊಕೋರ್ ಗೊತ್ತಲ್ಲ?
"ಗೊತ್ತು! ಚಪ್ಪಲಿ ಸಿಗುತ್ತೆ."
"ಬುಟ್ಟಿ!" "ಸುಟ್ಟ ಮಾಂಸ!"
ಆ ಹೆಸರು ಇವರದೇ. ಕ್ಯಾರಿಯರ್ ಕೋರ್ ಎಂಬ ಬಿಳಿಯರ ಮಾತು
ನಮ್ಮ ನಾಲಿಗೆಯಲ್ಲಿ ಸವೆದು ಸವೆದು ಸಂತೆಯಾಯಿತು.
ಮುಂದಿನ ಸಲ ಅಲ್ಲಿ ಚೌಕಾಸಿ ಮಾಡುವಾಗ
ಒಂದು ಗಳಿಗೆ ಸುಮ್ಮನಿರಿ.
ಅಂಗಡಿಯವನು ಬೆಲೆ ಇಳಿಸಿಯಾನು,
ಅದೂ ಲಾಭವೇ.

ಈ ಕಲ್ಲುಗಳ ಮೇಲೆ ನನಗೆ ಸಿಟ್ಟಿಲ್ಲ.
ಸಿಟ್ಟಿಲ್ಲ ಎಂದು ನಿಮಗೆ ಹೇಳುತ್ತಿದ್ದೇನೆ.

ಹೊರಡುವಾಗ ಎಣಿಸಿದೆ: ನಲವತ್ತು.
ಮ್ವಾಚೋಫಿ ಇಲ್ಲ. ಮೂಟೆಯೂ ಇಲ್ಲ.
ರಸ್ತೆಯ ತಿರುವಿನಲ್ಲಿ ಕಂಡ,
ಬೆನ್ನು ಬಿಲ್ಲಾಗಿ, ಒಂಟಿಯಾಗಿ, ಊರ ಕಡೆಗೆ.
ಮೂಟೆಯ ಮೂಲೆಯಲ್ಲೊಂದು ತೂತು.
ಜಾಲಿಮರದಿಂದ ಅವನ ಹಿಮ್ಮಡಿಯವರೆಗೆ
ಬಿಳಿಯ ಗೆರೆ. ಆಗಲೇ ಇರುವೆ ಮುತ್ತಿತ್ತು.

ಎರಡು ಕಿಲೋ ಕಮ್ಮಿ ಎಂದ ಚಾಲಕ.
ದುಡ್ಡು ಎಣಿಸಿ ಕೊಟ್ಟೆ.
ರಾತ್ರಿ ಶಾಲೆಯ ಲೆಕ್ಕದ ಪುಸ್ತಕ ಬಿಡಿಸಿ
ಏನೆಂದು ಬರೆಯಲಿ ಎಂದು ಬಹಳ ಹೊತ್ತು ಕೂತೆ.
ಬರೆದೆ:
ಸಾಗಣೆ ವೆಚ್ಚ.