ನಾಲೆ, ನಾಳೆ

ಮೊದಲ ಸಲ ಬಂದಾಗ ಅವಳ ಕೈಯಲ್ಲಿ
ಒಂದು ಡೈರಿ, ಮೂರು ಮೀಟರ್ ನೀಲಿ ಕಾಟನ್.
ಯಾವೂರು ಅಂದೆ. ಬ್ರನೋ ಅಂದಳು.
ನಾನು ಗಿರಾಕಿಗಳಿಗೆಲ್ಲ ಜರ್ಮನಿ ಅಂತಲೇ ಹೇಳಿಕೊಂಡು ಬಂದೆ.
ಹೆಸರು ಲೆಂಕಾ.
ಪೀಣ್ಯದಲ್ಲಿ ಯಾವುದೋ ದೊಡ್ಡ ಮಿಷನ್ ಕೂರಿಸಲು ಬಂದವಳು.
ಅವಳು ಬಂದಿದ್ದಳು, ಮಿಷನ್ನು ಚೆನ್ನೈ ಬಂದರಿನಲ್ಲಿ
ಒಂದು ಸೀಲಿಗೆ ಕಾದು ಕೂತಿತ್ತು.

ಮಂಗಳವಾರ ಬನ್ನಿ ಅಂದೆ.
ಮತ್ತಿಕೆರೆಯಲ್ಲಿ ಇಪ್ಪತ್ತೆರಡು ವರ್ಷದಿಂದ
ಎಲ್ಲರಿಗೂ ನಾನು ಹೇಳುವುದು ಅದನ್ನೇ.
ಮಂಗಳವಾರ ಅಂದರೆ, ಬುಧವಾರ ಕೇಳಿ,
ಗುರುವಾರ ಬೈಯಿರಿ, ಶನಿವಾರ ಒಯ್ಯಿರಿ
ಅಂತ ಈ ಬೀದಿಯ ಮಕ್ಕಳಿಗೂ ಗೊತ್ತು.
ಅವಳು ಮಂಗಳವಾರವೇ ಬಂದಳು.
ಹತ್ತು ಗಂಟೆ ಅಂದಿದ್ದೆ, ಹತ್ತಕ್ಕೇ.
ನಾನಿನ್ನೂ ಶಟರಿನ ಬೀಗದೆದುರು ಬ್ಯಾಗು ತಡಕುತ್ತಿದ್ದೆ.

ಬಟ್ಟೆ ಕೊಟ್ಟ ಮಡಿಕೆಯಲ್ಲೇ ಇತ್ತು.
ಅವಳ ಕಿವಿ ಕೆಂಪಾಯಿತು, ಕೂಗಲಿಲ್ಲ.
ಕೂಗಿದ್ದರೆ ನನಗೆ ಸುಲಭವಿತ್ತು.
ಮತ್ತೆ ಯಾಕೆ ಹೇಳಿದಿರಿ, ಅಂದಳು.
ಸುಳ್ಳಲ್ಲ ತಾಯಿ, ಅದೊಂದು ಥರ
ನಮಸ್ಕಾರ ಇದ್ದ ಹಾಗೆ
ಅಂತ ಹೇಗೆ ಬಿಡಿಸಿ ಹೇಳಲಿ?
ಸ್ಟೂಲು ಎಳೆದು ಹಾಕಿದೆ,
ಇಮ್ತಿಯಾಜನನ್ನು ಬೈಟು ಕಾಫಿಗೆ ಓಡಿಸಿದೆ.

ಹಾಗೆ ಕೂತದ್ದು.

ಕರೆಂಟು ಹೋದರೂ ಕೂರುತ್ತಿದ್ದಳು.
ಸಿಲಿಂಡರಿನವನು ಈಗ ಬಂದೆ ಅಂದು ಮೂರು ದಿನ ಆದದ್ದು,
ಆಫೀಸಿನಲ್ಲಿ ಒಂದೇ ಒಂದು ಜೆರಾಕ್ಸ್ ಕಡಿಮೆ ಬಿದ್ದದ್ದು,
ಗೊರಗುಂಟೆಪಾಳ್ಯದಲ್ಲಿ ಬಸ್ಸು ನಿಂತೇ ನಿಂತು
ಮುಂದಿನ ಲಾರಿಯ ನಂಬರು ಓದುತ್ತ ಓದುತ್ತ
ಕನ್ನಡದ ಅಂಕಿ ಬಾಯಿಪಾಠ ಆದದ್ದು.
ಇಷ್ಟು ಜನ, ಎಲ್ಲರೂ ಓಡುತ್ತೀರಿ,
ಏನೂ ಮುಂದೆ ಹೋಗುವುದಿಲ್ಲವಲ್ಲ, ಅಂದಳೊಮ್ಮೆ.
ಕತ್ತರಿಯ ಬಾಯಿ ನೋಡುತ್ತ ಹ್ಞೂಂ ಅಂದೆ.

ಮಾತು ಕಲಿಸಿ ಅಂದಳು. ಕಲಿಸಿದೆ,
ಕಟ್‌ಪೀಸ್ ಕೊಟ್ಟ ಹಾಗೆ, ಒಂದೊಂದೇ.
ಳ ಮಾತ್ರ ಬರಲೊಲ್ಲದು.
ಮಳೆ ಬಂದರೆ ಮಲೆ ಬಂತು ಅನ್ನುವಳು.
ಗಾಡಿಯವನ ಹತ್ತಿರ ಅರ್ಧ ಡಜನ್ ಬಾಲೆ ಕೇಳಿ ಬಂದಳು.
ಹೇಳಿ ಅನ್ನಲು ಹೋಗಿ ಅಂದದ್ದನ್ನು
ನಾನಿಲ್ಲಿ ಬರೆಯಲಾರೆ,
ಇಮ್ತಿಯಾಜ್ ಕಾಜಾ ಬಿಟ್ಟು ನಗಲು ಬೀದಿಗೋಡಿದ.
ಎದ್ದು ಹೊರಡುವಾಗ, ನಾಲೆ ಬರ್ತೀನಿ.

ನಾಲೆ.
ನಾನೂ ಈ ಊರಿನವಳಲ್ಲ.
ಮದ್ದೂರಿನ ಕಡೆ, ನಾಲೆಯ ಕೊನೆಯ ತೂಬು ನಮ್ಮದು.
ನೀರು ಬಿಟ್ಟರು ಅಂತ ಸುದ್ದಿ ಮೊದಲು ಬರುವುದು,
ಆಮೇಲೆ ಒಣ ಎಲೆ, ಚಪ್ಪಲಿ, ನೊರೆ,
ಎಷ್ಟೋ ಹೊತ್ತಾದ ಮೇಲೆ ನೀರು.
ಅಪ್ಪ ಗುದ್ದಲಿ ಹಿಡಿದು ನಿಂತೇ ಬೀಡಿ ಸೇದುತ್ತಿದ್ದ.
ಇದನ್ನೆಲ್ಲ ಅವಳಿಗೆ ಹೇಳಲಿಲ್ಲ.
ನಾಲಿಗೆಯ ತುದಿ ಹಿಂದಕ್ಕೆ ಮಡಿಸಬೇಕು ಅಂದೆ,
ಅಂಚು ಹೊಲಿಯುವಾಗ ಬಟ್ಟೆ ಒಳಗೆ ತಿರುಗಿಸುವ ಹಾಗೆ.
ಅವಸರ ಮಾಡಿದರೆ ಅದು ಲ ಆಗಿಬಿಡುತ್ತದೆ.

ನಿಜ ಹೇಳುತ್ತೇನೆ. ಕುರ್ತಾ
ಮೂರನೇ ವಾರವೇ ಮುಗಿದಿತ್ತು.
ಹಿಂದಿನ ಮೊಳೆಗೆ ತೂಗುಹಾಕಿ ಮೇಲೆ
ಸ್ಕೂಲಿನ ಯೂನಿಫಾರಂ ಮುಚ್ಚಿದ್ದೆ.
ಒಂದು ಗುಂಡಿ ಬಾಕಿ ಇದೆ ಅಂದೆ, ಮಂಗಳವಾರ ಅಂದೆ.
ಮುಂದಿನ ವಾರ ತೋಳೂ ಸ್ವಲ್ಪ ಉದ್ದವಾಯಿತು ಅಂದೆ.
ಅವಳಿಗೆ ಕಂಡಿತ್ತು ಅನಿಸುತ್ತದೆ.
ಒಂದು ದಿನ ನೀಲಿ ತೋಳಿನ ತುದಿ ಈಚೆಗೆ ಇಣುಕಿತ್ತು,
ಅದನ್ನು ಒಂದೇ ಬೆರಳಲ್ಲಿ ಒಳಗೆ ತಳ್ಳಿ
ಆಯ್ತಾ ಅಕ್ಕ, ಅಂತ ಕೇಳಿದಳು.
ಇನ್ನೂ ಇಲ್ಲ ಅಂದೆ.
ಸ್ಟೂಲು ತಾನೇ ಎಳೆದುಕೊಂಡಳು.

ಮೊನ್ನೆ ಸೋಮವಾರ ಸಂಜೆ ಬಂದು
ಮಿಷನ್ನು ಬಂತು ಅಂದಳು, ನಿಂತೇ ಅಂದಳು.
ಎರಡು ಲಾರಿ, ಒಂದು ಕ್ರೇನು, ಕೈ ತುಂಬ ಗ್ರೀಸು.
ನಾನು ಕುರ್ತಾ ತೆಗೆದು ಇಸ್ತ್ರಿ ಹಾಕತೊಡಗಿದೆ.
ಇವತ್ತು ಬೇಡ, ನಾಳೆ ಬರ್ತೀನಿ,
ಅಂದು ಇಳಿದು ಹೋದಳು.
ಅವಳು ಮೂಲೆ ತಿರುಗಿದ ಮೇಲೆ ನನಗೆ ಕೇಳಿಸಿತು,
ನಾಳೆ. ಳ ಚೆನ್ನಾಗಿ ಮಡಿಚಿಕೊಂಡಿತ್ತು.

ಮಂಗಳವಾರ ಒಂಬತ್ತೂವರೆಗೇ ಶಟರ್ ಎತ್ತಿದೆ.
ಇಮ್ತಿಯಾಜ್ ಗಡಿಯಾರ ನೋಡಿದ, ನನ್ನ ಮುಖ ನೋಡಿದ.
ಕುರ್ತಾ ಕವರಿನಲ್ಲಿ, ಹೊರಗಿನ ಮೊಳೆಗೆ.
ಬುಧವಾರವೂ ಅಲ್ಲೇ ಇತ್ತು.

ಇವತ್ತು ಗುರುವಾರ,
ಬೈಯುವ ದಿನ.